ಜೀಪಿನ ತುಕ್ಕು: ಕಾಣುವುದು ಒಂದೆಡೆ, ತಿನ್ನುವುದು ಇನ್ನೊಂದೆಡೆ

ಮಳೆಗಾಲ ಮುಗಿದು ಆಯುಧಪೂಜೆಗೆ ಜೀಪು ತೊಳೆಯುವ ಹೊತ್ತಿಗೆ ಮಲೆನಾಡಿನ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮಡ್‌ಗಾರ್ಡಿನ ಅಂಚು ಪುಡಿಯಾಗಿ ಉದುರುತ್ತಿದೆ, ಡ್ರೈವರ್ ಕಾಲಿಡುವ ಕಡೆ ತಗಡು ತೂತಾಗಿದೆ. ಇದಕ್ಕೆ ಇನ್ನೂ ದುಡ್ಡು ಸುರಿಯಬೇಕೇ ಅಥವಾ ಬಂದಷ್ಟಕ್ಕೆ ಕೊಟ್ಟುಬಿಡಬೇಕೇ? ಹೆಚ್ಚಿನವರು ಕಣ್ಣಿಗೆ ಬಿದ್ದ ತುಕ್ಕನ್ನು ನೋಡಿ ಇದಕ್ಕೆ ಉತ್ತರ ಹೇಳಿಬಿಡುತ್ತಾರೆ. ಆ ಉತ್ತರ ಬಹಳ ಸಲ ತಪ್ಪಾಗುತ್ತದೆ, ಏಕೆಂದರೆ ಕಬ್ಬಿಣ ಕರಗುವ ಜಾಗವೂ ತುಕ್ಕು ಕೂರುವ ಜಾಗವೂ ಒಂದೇ ಆಗಿರಬೇಕೆಂದಿಲ್ಲ.

ಗಾಳಿ ಮತ್ತು ನೀರು ತಾಗಿದಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಗಾಳಿ ಹೆಚ್ಚು ತಾಗಿದಲ್ಲಿ ಸವೆತವೂ ಹೆಚ್ಚು ಎಂದು ನಾವೇ ಅದಕ್ಕೆ ಸೇರಿಸಿಕೊಂಡಿದ್ದೇವೆ, ತಪ್ಪಿರುವುದು ಅಲ್ಲಿ. 1920ರ ದಶಕದಲ್ಲಿ ಕೇಂಬ್ರಿಡ್ಜಿನ ಯೂಲಿಕ್ ಇವಾನ್ಸ್ ಎಂಬ ರಸಾಯನ ವಿಜ್ಞಾನಿ ಇದನ್ನು ಒಂದೇ ಒಂದು ಹನಿ ಉಪ್ಪುನೀರಿನಲ್ಲಿ ತೋರಿಸಿಕೊಟ್ಟರು. ಹೊಳೆಯುವಂತೆ ಉಜ್ಜಿದ ಉಕ್ಕಿನ ತಗಡಿನ ಮೇಲೆ ಆ ಹನಿ ಕೂತಿದೆ. ಅದರಲ್ಲಿ ಎರಡು ಸೂಚಕಗಳು ಬೆರೆತಿವೆ: ಕಬ್ಬಿಣ ಕರಗಿದಲ್ಲಿ ನೀಲಿಯಾಗುವ ಪೊಟ್ಯಾಸಿಯಂ ಫೆರಿಸಯನೈಡ್, ಕ್ಷಾರ ಹುಟ್ಟಿದಲ್ಲಿ ಗುಲಾಬಿಯಾಗುವ ಫಿನಾಲ್ಫ್ತಲೀನ್. ಸ್ವಲ್ಪ ಹೊತ್ತಿನಲ್ಲಿ ಹನಿಯ ನಡುಭಾಗ ನೀಲಿಯಾಗುತ್ತದೆ, ಗಾಳಿಗೆ ಹತ್ತಿರವಿರುವ ಅಂಚು ಗುಲಾಬಿಯಾಗುತ್ತದೆ, ಇವೆರಡರ ನಡುವೆ ಕಂದು ತುಕ್ಕಿನ ಒಂದು ಉಂಗುರ ಮೂಡುತ್ತದೆ. ಆಮ್ಲಜನಕ ಸಮೃದ್ಧವಾಗಿರುವ ಅಂಚಿನಲ್ಲಿ ಕಬ್ಬಿಣಕ್ಕೆ ಏನೂ ಆಗಿಲ್ಲ. ಆಮ್ಲಜನಕ ತಲುಪಲು ಕಷ್ಟಪಡುವ ನಡುವಿನಲ್ಲಿ ಅದು ಕರಗುತ್ತಿದೆ. ಅಂಚಿನ ಆಮ್ಲಜನಕ ಎಲೆಕ್ಟ್ರಾನುಗಳನ್ನು ಬೇಡುತ್ತದೆ, ಆ ಎಲೆಕ್ಟ್ರಾನುಗಳನ್ನು ನಡುವಿನ ಕಬ್ಬಿಣ ತನ್ನನ್ನೇ ಕರಗಿಸಿಕೊಂಡು ತಗಡಿನ ಮೂಲಕ ಕಳಿಸಿಕೊಡುತ್ತದೆ. ಟಾರ್ಚಿನ ಸೆಲ್ಲಿನೊಳಗೆ ಸತುವು ಸವೆಯುವ ಬಗೆಯೂ ಹೆಚ್ಚುಕಡಿಮೆ ಇದೇ.

ಈಗ ಜೀಪಿನ ಅಡಿಗೆ ತೂರಿ ನೋಡಿ. ಸ್ಪ್ರಿಂಗ್ ಪಟ್ಟಿಯನ್ನು ಚಾಸಿಗೆ, ಅಂದರೆ ಇಡೀ ಜೀಪನ್ನು ಹೊರುವ ಉಕ್ಕಿನ ಚೌಕಟ್ಟಿಗೆ, ಕಟ್ಟಿದ ಬ್ರಾಕೆಟ್ಟಿನ ಹಿಂದೆ, ಬಾಡಿ ಕೂತಿರುವ ರಬ್ಬರಿನ ಕೆಳಗೆ, ಎರಡು ತಗಡು ಒಂದರ ಮೇಲೊಂದು ಸೇರಿದ ಸಂದಿನಲ್ಲಿ, ಪೆಟ್ಟಿಗೆಯಂತೆ ಮುಚ್ಚಿದ ಚಾಸಿಯ ಒಳಗೆ ಕೆಸರು ಗಟ್ಟಿಯಾಗಿ ಕೂತಿರುತ್ತದೆ. ಹೊರಗಿನ ಕಬ್ಬಿಣ ಮಳೆ ನಿಂತ ಗಂಟೆಯೊಳಗೆ ಒಣಗಿದರೂ ಈ ಕೆಸರು ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ, ಅದರಡಿಗೆ ಗಾಳಿ ಹೋಗುವುದಿಲ್ಲ. ಇವಾನ್ಸರ ಹನಿಯ ನಡುಭಾಗವೆಂದರೆ ಇದೇ. ಇಲ್ಲಿ ಹರಿಯುವ ವಿದ್ಯುತ್ತು ತೀರಾ ಅಲ್ಪವಾದರೂ ಅದರ ಲೆಕ್ಕ ಗಾಬರಿ ಹುಟ್ಟಿಸುವಂಥದ್ದು. ಫ್ಯಾರಡೆಯ ನಿಯಮದ ಪ್ರಕಾರ ಒಂದು ಆಂಪಿಯರ್ ವಿದ್ಯುತ್ತು ವರ್ಷವಿಡೀ ಹರಿದರೆ ಸುಮಾರು 9 ಕೆ.ಜಿ. ಕಬ್ಬಿಣ ಕರಗುತ್ತದೆ. ಅದರ ಹತ್ತು ಸಾವಿರದಲ್ಲೊಂದು ಪಾಲು, ಅಂದರೆ 0.1 ಮಿಲಿ ಆಂಪಿಯರ್, ಬೆರಳ ತುದಿಯಷ್ಟಗಲದ ಒಂದು ಚದರ ಸೆಂಟಿಮೀಟರಿನ ಮೇಲೆ ಕೇಂದ್ರೀಕರಿಸಿದರೆ ಅಲ್ಲಿ ವರ್ಷಕ್ಕೆ 1 ಮಿ.ಮೀ.ಗಿಂತ ತುಸು ಹೆಚ್ಚು ದಪ್ಪ ಕರಗಿಹೋಗುತ್ತದೆ. ಚಾಸಿಯ ಉಕ್ಕು ಎಷ್ಟು ಮಿಲಿಮೀಟರ್ ದಪ್ಪವಿದೆಯೆಂದು ಅಳೆದು ನೋಡಿದವರಿಗೆ ಇದರ ಅರ್ಥ ತಕ್ಷಣ ಆಗುತ್ತದೆ. ಬಾನೆಟ್ಟಿನ ಮೇಲೆ ತೆಳುವಾಗಿ ಹರಡಿದ ಕೆಂಪು ತುಕ್ಕು ನೋಡಲು ಎಷ್ಟೇ ಅಸಹ್ಯವಾಗಿದ್ದರೂ ಅದರಿಂದ ಜೀವಕ್ಕೆ ಅಪಾಯವಿಲ್ಲ.

ತೋಟದ ಜೀಪಿಗೆ ಕೆಸರಿನ ಜೊತೆಗೆ ಇನ್ನೂ ಎರಡು ಶತ್ರುಗಳಿವೆ. ಒಂದು, ಗೊಬ್ಬರದ ಪೊಟ್ಯಾಷ್. ಅದು ಪೊಟ್ಯಾಸಿಯಂ ಕ್ಲೋರೈಡ್. ಕಡಲ ತೀರದ ವಾಹನಗಳನ್ನು ಹಾಳುಮಾಡುವ ಕ್ಲೋರೈಡೇ ಇಲ್ಲೂ ಇದೆ. ಹರಿದ ಚೀಲದಿಂದ ಮ್ಯಾಟಿನ ಕೆಳಗೆ ಚೆಲ್ಲಿದ ಒಂದು ಹಿಡಿ ಸಾಕು. ಇನ್ನೊಂದು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಮಾಡುವವರು ಸುಣ್ಣ ಸಾಕಾಯಿತೇ ಎಂದು ತಿಳಿಯಲು ಅದರಲ್ಲಿ ಕತ್ತಿಯನ್ನು ಅದ್ದಿ ನೋಡುತ್ತಾರೆ. ಅಲಗು ಕೆಂಪಾದರೆ ಸುಣ್ಣ ಸಾಲದೆಂದು ಅರ್ಥ. ಆ ಕೆಂಪು ತಾಮ್ರದ್ದು. ಕತ್ತಿಯ ಕಬ್ಬಿಣ ಕರಗಿ ದ್ರಾವಣಕ್ಕೆ ಹೋಗಿ, ಅದರ ಜಾಗದಲ್ಲಿ ತಾಮ್ರ ಬಂದು ಕೂತಿರುತ್ತದೆ. ಜೀಪಿನ ತೊಟ್ಟಿಯಲ್ಲಿ ಮೈಲುತುತ್ತದ ಹರಳು ಚೆಲ್ಲಿ ಒದ್ದೆಯಾದರೆ ಅಲ್ಲೂ ಇದೇ ನಡೆಯುತ್ತದೆ, ಮತ್ತು ಹಾಗೆ ಕೂತ ತಾಮ್ರ ಅಕ್ಕಪಕ್ಕದ ಕಬ್ಬಿಣ ಕರಗುವುದನ್ನು ಮುಂದೆಯೂ ಚುರುಕುಗೊಳಿಸುತ್ತದೆ.

ಹಳೆಯ ಕಾಲದ ಕಬ್ಬಿಣಕ್ಕೆ ತುಕ್ಕು ಹಿಡಿಯುವುದಿಲ್ಲ ಎಂಬ ನಂಬಿಕೆಯಿಂದ ಹಳೆಯ ಜೀಪನ್ನು ಪರೀಕ್ಷಿಸದೆ ಬಿಡುವವರಿದ್ದಾರೆ. ಅವರು ಕೊಡುವ ಸಾಕ್ಷಿ ದಿಲ್ಲಿಯ ಕಬ್ಬಿಣದ ಕಂಬ. ಶಿವಮೊಗ್ಗ ಜಿಲ್ಲೆಯವರಾದರೆ, ಜೀಪುಗಳೇ ಹತ್ತುವ ಕೊಡಚಾದ್ರಿಯಲ್ಲಿ ಹಳೆಯ ದೇವಸ್ಥಾನದ ಎದುರು ಅಷ್ಟೊಂದು ಮಳೆಗೆ ಮೈಯೊಡ್ಡಿ ನಿಂತಿರುವ ಕಬ್ಬಿಣದ ಕಂಬ. ದಿಲ್ಲಿಯ ಕಂಬ ಸುಮಾರು 1600 ವರ್ಷ ಹಳೆಯದು. ಅದರ ಕಬ್ಬಿಣದಲ್ಲಿ ಇಂದಿನ ಉಕ್ಕಿಗಿಂತ ಬಹಳ ಹೆಚ್ಚು ರಂಜಕವಿದೆ, ಅದರಿಂದ ಮೇಲ್ಮೈಯಲ್ಲಿ ಒಂದು ರಕ್ಷಣಾ ಪದರ ಬೆಳೆದಿದೆ ಎಂದು ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ವಿವರಿಸಿದ್ದಾರೆ. ಆದರೆ ಆ ಪದರ ಬೆಳೆಯಬೇಕಾದರೆ ಮೇಲ್ಮೈ ನೆನೆದು ಮತ್ತೆ ಒಣಗುತ್ತಿರಬೇಕು. ಅದೇ ಕಂಬದ ನೆಲದೊಳಗೆ ಹೂತ ಭಾಗ ತುಕ್ಕು ಹಿಡಿದಿದೆ. ಕಾರ್ಖಾನೆಯ ಸಾಧಾರಣ ಉಕ್ಕಿನ ಜೀಪಿಗೆ ರಂಜಕದ ಆಸರೆಯೂ ಇಲ್ಲ, ಒಣಗುವ ಅವಕಾಶವೂ ಇಲ್ಲ. ಟಾರ್ಪಾಲು ಬಿಗಿದು ಕೊಟ್ಟಿಗೆಯ ಪಕ್ಕ ನಿಲ್ಲಿಸಿದರಂತೂ ತೇವ ಒಳಗೇ ಉಳಿಯುತ್ತದೆ. ನಾಲ್ಕೂ ಕಡೆ ಗಾಳಿಯಾಡುವ ಚಪ್ಪರ ಅದಕ್ಕಿಂತ ಎಷ್ಟೋ ಮೇಲು.

ಆದ್ದರಿಂದ ಪರೀಕ್ಷೆ ಚಾಸಿಯಿಂದ ಶುರುವಾಗಬೇಕು. ಕೆಸರನ್ನು ಪೂರ್ತಿ ಕೆರೆದು, ಒಣಗಲು ಬಿಟ್ಟು, ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಉಕ್ಕು ಠಣ್ಣೆನ್ನುತ್ತದೆ. ತಿಂದ ಜಾಗದಲ್ಲಿ ಸದ್ದು ಮಂಕಾಗಿ ಹಾಳೆ ಹಾಳೆಯಾಗಿ ತುಕ್ಕು ಕಳಚುತ್ತದೆ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಸ್ಪ್ರಿಂಗ್ ಹ್ಯಾಂಗರ್ (ಸ್ಪ್ರಿಂಗ್ ಪಟ್ಟಿ ಕಟ್ಟಿದ ಬ್ರಾಕೆಟ್ಟು), ಸ್ಟಿಯರಿಂಗ್ ಬಾಕ್ಸಿನ ಬುಡ, ಅಡ್ಡಪಟ್ಟಿಗಳ ಬೆಸುಗೆ, ಸೀಟ್ ಬೆಲ್ಟಿನ ಬೋಲ್ಟು, ಇಷ್ಟನ್ನು ಬಿಡುವಂತಿಲ್ಲ. ಅಮೆರಿಕದಲ್ಲಿ ಟೊಯೋಟಾ ಕಂಪನಿ ಟಕೋಮಾ, ಟಂಡ್ರಾ ಮುಂತಾದ ವಾಹನಗಳ ಚೌಕಟ್ಟಿನ ತುಕ್ಕಿನ ಬಗ್ಗೆ 2016ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ, ಒಳಗಿನಿಂದ ಹೊರಕ್ಕೆ ತಿಂದು 10 ಮಿ.ಮೀ. ಅಥವಾ ದೊಡ್ಡ ತೂತು ಬಿದ್ದರೆ ಚೌಕಟ್ಟನ್ನೇ ಬದಲಿಸಬೇಕೆಂದು ಮಾನದಂಡ ಇಟ್ಟಿದ್ದರು. ಕಿರುಬೆರಳು ತೂರುವಷ್ಟು ತೂತಿಗೆ ಅಷ್ಟು ದೊಡ್ಡ ಕೆಲಸ ಯಾಕೆಂದರೆ, ಹೊರಗೆ ತೂತು ಬೀಳುವ ವೇಳೆಗೆ ಸುತ್ತಲಿನ ಗೋಡೆ ಒಳಗಿನಿಂದ ತೆಳುವಾಗಿರುತ್ತದೆ.

ಚಾಸಿ ಗಟ್ಟಿಯಿದ್ದು, ಹೋಗಿರುವುದು ಮಡ್‌ಗಾರ್ಡು, ನೆಲದ ತಗಡು, ಹಿಂಬಾಗಿಲು ಮಾತ್ರವಾದರೆ ರಿಪೇರಿ ಮಾಡಿಸಿ ಎಂಬುದು ನನ್ನ ಖಚಿತ ಅಭಿಪ್ರಾಯ. ಹಳೆಯ ಮಹೀಂದ್ರ ಜೀಪಾಗಲಿ ಜಿಪ್ಸಿಯಾಗಲಿ, ಎಂಜಿನ್ ಚೆನ್ನಾಗಿದ್ದರೆ ತಗಡಿನ ಕೆಲಸಕ್ಕೆ ಹಾಕಿದ ಹಣ ದಂಡವಾಗುವುದಿಲ್ಲ. ಆದರೆ ಹಳೆಯ ತಗಡಿನ ಮೇಲೆ ಹೊಸ ತುಂಡು ಮೆತ್ತಿ ವೆಲ್ಡ್ ಮಾಡಿಸಬೇಡಿ. ಹಾಗೆ ಮೆತ್ತಿದಾಗ ಎರಡರ ನಡುವೆ ಗಾಳಿಯಿಲ್ಲದ ಹೊಸ ಸಂದು ಹುಟ್ಟುತ್ತದೆ, ಬೆಸುಗೆಯ ಬಿಸಿಗೆ ಒಳಮೈಯ ಬಣ್ಣ ಸುಟ್ಟಿರುತ್ತದೆ, ಇನ್ನೆರಡು ಮಳೆಗಾಲಕ್ಕೆ ಅಲ್ಲೇ ಮತ್ತೆ ಕೆಲಸ ಬರುತ್ತದೆ. ಕೊಳೆತದ್ದನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿ, ಒಳಬದಿಗೆ ಮೇಣದ ಲೇಪ ಸಿಂಪಡಿಸಬೇಕು. ತುಕ್ಕಿನ ಮೇಲೆಯೇ ಕಪ್ಪು ಅಂಡರ್‌ಕೋಟಿಂಗ್ ಬಳಿಯುವುದೂ ಇದೇ ಕಾರಣಕ್ಕೆ ಹಾನಿಕರ.

ಚಾಸಿಯಲ್ಲಿ, ಅದೂ ಭಾರ ಹೊರುವ ಜಾಗಗಳಲ್ಲಿ, ಒಂದಕ್ಕಿಂತ ಹೆಚ್ಚು ಕಡೆ ಸ್ಕ್ರೂಡ್ರೈವರ್ ಒಳಹೊಕ್ಕರೆ ಬಿಟ್ಟುಬಿಡುವುದೇ ಸರಿ. ಚಾಸಿ ಬದಲಿಸಬಹುದಲ್ಲ ಎನ್ನುವವರು, ನೋಂದಣಿಯಲ್ಲಿ ದಾಖಲಾದ ಚಾಸಿ ಸಂಖ್ಯೆ ಕೆತ್ತಿರುವುದು ಅದರ ಮೇಲೆಯೇ ಎಂಬುದನ್ನು ಮರೆಯಬಾರದು. ಆರ್‌ಟಿಒ ಅನುಮತಿಯಿಲ್ಲದೆ ಅದನ್ನು ಮುಟ್ಟುವಂತಿಲ್ಲ. ಹದಿನೈದು ವರ್ಷ ದಾಟಿದ ಖಾಸಗಿ ವಾಹನದ ನೋಂದಣಿ ನವೀಕರಣಕ್ಕೆ ಫಿಟ್‌ನೆಸ್ ಪರೀಕ್ಷೆಯೂ ಇದೆ. ಇಂಥ ಜೀಪಿಗೆ ಪುಟ್ಟಿ ತುಂಬಿ, ಬಣ್ಣ ಹೊಡೆಸಿ ಓಡಿಸಲು ಕೊಳ್ಳುವವರಿಗೆ ಮಾರುವುದು ಘೋರ ಅನ್ಯಾಯ. ಘಾಟಿಯ ಇಳಿಜಾರಿನಲ್ಲಿ ಹ್ಯಾಂಗರ್ ಕಿತ್ತುಬಂದರೆ ಒಳಗೆ ಕೂತವರಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಸ್ಥಿತಿಯನ್ನು ಬಾಯಿಬಿಟ್ಟು ಹೇಳಿ ಬಿಡಿಭಾಗಗಳ ಲೆಕ್ಕದಲ್ಲಿ ಕೊಡಬಹುದು. ಇಲ್ಲವೇ ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ, ಹಾಗೆ ಒಪ್ಪಿಸಿದ್ದಕ್ಕೆ ಸಾಕ್ಷಿಯಾದ ಠೇವಣಿ ಪ್ರಮಾಣಪತ್ರ ಪಡೆಯಬಹುದು. ಅದನ್ನು ತೋರಿಸಿ ಕೊಳ್ಳುವ ಹೊಸ ಖಾಸಗಿ ವಾಹನದ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶವಿದೆ.