ಮಾತ್ರೆ ಎಣಿಸುವ ಯಂತ್ರವನ್ನು ನಂಬಬಹುದಾ?

ಓದುಗರ ಪ್ರಶ್ನೆ: ಔಷಧಿ ಅಂಗಡಿಯಲ್ಲಿ ಈಗ ಯಂತ್ರವೇ ಮಾತ್ರೆ ಎಣಿಸಿ ಡಬ್ಬಿಗೆ ತುಂಬುತ್ತದೆ. ಮೊದಲು ಕೈಯಲ್ಲಿ ಎಣಿಸಿ ಕೊಡುವಾಗ ಏನೋ ಒಂದು ಧೈರ್ಯ ಇರುತ್ತಿತ್ತು. ಯಂತ್ರ ತಪ್ಪು ಮಾಡುವುದಿಲ್ವಾ?

ಎಣಿಕೆಯ ಮಟ್ಟಿಗೆ ಧಾರಾಳವಾಗಿ ನಂಬಬಹುದು. ಆದರೆ ಡಬ್ಬಿಯೊಳಗೆ ಇರುವುದು ನಿಮಗೆ ಬರೆದುಕೊಟ್ಟ ಮಾತ್ರೆಯೇ ಹೌದಾ ಎಂಬುದು ಬೇರೆ ಪ್ರಶ್ನೆ. ನನ್ನ ಪ್ರಕಾರ ಜಾಸ್ತಿ ಚಿಂತೆ ಮಾಡಬೇಕಾದದ್ದು ಅದರ ಬಗ್ಗೆ.

ಸ್ಟ್ರಿಪ್ ಕೊಡುವ ಕಡೆ ಈ ಯಂತ್ರದ ಅಗತ್ಯವೇ ಇಲ್ಲ. ದೊಡ್ಡ ಡಬ್ಬಿಯಲ್ಲಿ ಬಿಡಿ ಮಾತ್ರೆ ತರಿಸಿ, ಒಬ್ಬೊಬ್ಬರಿಗೂ 30, 60, 90 ಅಂತ ತೆಗೆದು ಕೊಡುವ ಕಡೆ ಅದು ಬೇಕು. ಕೈಯಲ್ಲಿ ಎಣಿಸುವವರು ಟ್ರೇ ಮೇಲೆ ಮಾತ್ರೆ ಸುರಿದು, ಚಪ್ಪಟೆ ಪಟ್ಟಿಯಿಂದ ಐದೈದಾಗಿ ಪಕ್ಕಕ್ಕೆ ಸರಿಸುತ್ತಾರೆ. ಪಳಗಿದ ಕೈ ಬಲು ಚುರುಕು. ಆದರೆ ನಡುವೆ ಫೋನ್ ಬಂದರೆ 45 ಆಗಿತ್ತಾ, 50 ಆಗಿತ್ತಾ ಅಂತ ಮತ್ತೆ ಮೊದಲಿಂದ ಶುರು.

ಯಂತ್ರಗಳು ಮುಖ್ಯವಾಗಿ ಮೂರು ಬಗೆಯಲ್ಲಿ ಎಣಿಸುತ್ತವೆ. ಒಂದು, ತೂಕ. ಮೊದಲು ಕೆಲವು ಮಾತ್ರೆ ತೂಗಿ ಒಂದರ ತೂಕ ಕಂಡುಕೊಳ್ಳುತ್ತದೆ. ಒಂದು 0.25 ಗ್ರಾಂ ಇದ್ದರೆ 15 ಗ್ರಾಂ ಬಂದಾಗ 60 ಅಂತ ತೋರಿಸುತ್ತದೆ. ಎಲ್ಲಾ ಮಾತ್ರೆ ಒಂದೇ ತೂಕ ಇರುವುದಿಲ್ಲ ಅಲ್ವಾ? ನಿಜ. 250 ಮಿಲಿಗ್ರಾಂ ಮತ್ತು ಅದಕ್ಕಿಂತ ಭಾರದ ಮಾತ್ರೆಯಲ್ಲಿ ಶೇ. 5ರಷ್ಟು ಹೆಚ್ಚು ಕಡಿಮೆ ಇದ್ದರೂ ಗುಣಮಟ್ಟದ ನಿಯಮ ಒಪ್ಪುತ್ತದೆ. 80 ಮಿಲಿಗ್ರಾಂ ಒಳಗಿನ ಪುಟ್ಟ ಮಾತ್ರೆಗೆ ಶೇ. 10. ಒಂದು ತುಸು ಭಾರ, ಇನ್ನೊಂದು ತುಸು ಹಗುರ, ಒಟ್ಟಿಗೆ ಹಾಕಿದಾಗ ಸರಿಹೋಗುತ್ತದೆ. ಆದರೆ ಆರಂಭದ ಸ್ಯಾಂಪಲ್ ತೀರಾ ಕಡಿಮೆ ಇದ್ದರೆ, ಮಾತ್ರೆಯೂ ತೀರಾ ಚಿಕ್ಕದಿದ್ದರೆ, ಲೆಕ್ಕ ಒಂದೆರಡು ಆಚೀಚೆ ಆಗಬಹುದು.

ಎರಡನೆಯದು ಬೆಳಕು. ಮೇಲಿನಿಂದ ಮಾತ್ರೆ ಸುರಿದರೆ ಅವು ಬೆಳಕಿನ ಕಿರಣದ ಅಡ್ಡ ಬೀಳುತ್ತವೆ. ಕಿರಣ ಕಡಿದಾಗಲೆಲ್ಲ ಒಂದು ಲೆಕ್ಕ. ಬಹಳ ವೇಗ. ಆದರೆ ಬಿದ್ದದ್ದು ಏನು ಅಂತ ಅದು ಕೇಳುವುದಿಲ್ಲ. ಮುರಿದ ಮಾತ್ರೆಯ ಎರಡು ಚೂರು ಬಿದ್ದರೆ ಎರಡು ಅನ್ನಬಹುದು. ತೇವ ಹೀರಲು ಡಬ್ಬಿಯಲ್ಲಿ ಇಟ್ಟಿರುವ ಪುಟ್ಟ ಪೊಟ್ಟಣ ಜಾರಿ ಬಿದ್ದರೂ ಅದೂ ಒಂದು ಮಾತ್ರೆ! ಸೆಕೆಗೆ ಅಂಟಿಕೊಂಡ ಎರಡು ಕ್ಯಾಪ್ಸೂಲ್ ಒಂದೇ ಅಂತ ದಾಖಲಾಗಬಹುದು. ಸೆನ್ಸರ್ ಮೇಲೆ ಮಾತ್ರೆಯ ಪುಡಿ ಕೂತರೂ ತೊಂದರೆ, ಅದಕ್ಕೇ ದಿನಾ ಒರೆಸಬೇಕು.

ಮೂರನೆಯದು ಕ್ಯಾಮೆರಾ. ಟ್ರೇ ಮೇಲೆ ಹರಡಿದ ಮಾತ್ರೆಗಳ ಚಿತ್ರ ತೆಗೆದು ಎಣಿಸುತ್ತದೆ. ಚಿತ್ರ ಉಳಿಯುವುದರಿಂದ ಆಮೇಲೆ ತಕರಾರು ಬಂದರೆ ತೆಗೆದು ನೋಡಬಹುದು. ಇದು ನನಗೆ ಬಹಳ ಇಷ್ಟವಾದ ಗುಣ.

ಇನ್ನೂ ದೊಡ್ಡ ಯಂತ್ರಗಳಲ್ಲಿ ಒಂದೊಂದು ಔಷಧಿಗೆ ಒಂದೊಂದು ಪೆಟ್ಟಿಗೆ ಇರುತ್ತದೆ. ಆದೇಶ ಬಂದ ಕೂಡಲೇ ಆ ಪೆಟ್ಟಿಗೆಯಿಂದ ಬೇಕಾದಷ್ಟು ಮಾತ್ರೆ ಉದುರುತ್ತದೆ. ಅಪಾಯ ಇರುವುದು ಇಲ್ಲೇ. ಕೈಯಲ್ಲಿ ಕೊಡುವಾಗ ತಪ್ಪಾದರೆ ಅದು ಒಬ್ಬರಿಗೆ. ಪೆಟ್ಟಿಗೆ ತುಂಬುವಾಗ ಬೇರೆ ಮಾತ್ರೆ ಸುರಿದರೆ, ಆಮೇಲೆ ಬರುವ ಎಲ್ಲರಿಗೂ ಅದೇ ಹೋಗುತ್ತದೆ, ಅದೂ ಸರಿಯಾದ ಎಣಿಕೆಯಲ್ಲಿ, ಸರಿಯಾದ ಲೇಬಲ್ ಹಚ್ಚಿಕೊಂಡು. ಹೀಗಾಗಿ ಪೆಟ್ಟಿಗೆ ತುಂಬುವ ಮೊದಲು ಕಂಪನಿಯಿಂದ ಬಂದ ದೊಡ್ಡ ಡಬ್ಬಿಯ ಬಾರ್‌ಕೋಡ್, ಪೆಟ್ಟಿಗೆಯ ಬಾರ್‌ಕೋಡ್ ಎರಡನ್ನೂ ಸ್ಕ್ಯಾನ್ ಮಾಡುತ್ತಾರೆ. ಹೊಂದದಿದ್ದರೆ ಯಂತ್ರ ಮುಂದೆ ಹೋಗಲು ಬಿಡುವುದಿಲ್ಲ. ಕೊನೆಗೆ ಫಾರ್ಮಸಿಸ್ಟ್ ನಿಮಗೆ ಕೊಡುವ ಡಬ್ಬಿ ತೆರೆದು, ಮಾತ್ರೆಯ ಬಣ್ಣ, ಆಕಾರ, ಮೇಲಿನ ಅಕ್ಷರಗಳನ್ನು ಪರದೆಯ ಚಿತ್ರದ ಜೊತೆ ಹೋಲಿಸಿ ನೋಡಬೇಕು. ಎಷ್ಟೇ ದುಬಾರಿ ಯಂತ್ರ ಇರಲಿ, ಈ ನೋಟವನ್ನು ಬಿಡಲೇಬಾರದು.

ಎಲ್ಲಾ ಔಷಧಿಯನ್ನೂ ಯಂತ್ರಕ್ಕೆ ಹಾಕುವ ಹಾಗಿಲ್ಲ. ಪೆನಿಸಿಲಿನ್ ಪುಡಿ ಉಳಿದ ಟ್ರೇಯಲ್ಲಿ ಇನ್ನೊಬ್ಬರ ಮಾತ್ರೆ ಬಿದ್ದರೆ, ಅದರ ಅಲರ್ಜಿ ಇರುವವರಿಗೆ ಕಷ್ಟ. ಕ್ಯಾನ್ಸರ್, ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ತರಹದ ಔಷಧಿಯ ಪುಡಿ ಎಣಿಸುವವರಿಗೂ ಒಳ್ಳೆಯದಲ್ಲ, ಅದಕ್ಕೆ ಬೇರೆ ಟ್ರೇ, ಕೈಗವಸು ಬೇಕು. ನಾಲಿಗೆಯ ಕೆಳಗಿಡುವ ನೈಟ್ರೊಗ್ಲಿಸರಿನ್ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಡಬಿಗಾಟ್ರಾನ್ ಇವೆಲ್ಲ ಕಂಪನಿಯ ಮೂಲ ಡಬ್ಬಿಯಲ್ಲೇ ಇರಬೇಕು.

ಮನೆಗೆ ಹೋಗಿ ಎಣಿಸಿ ನೋಡಬೇಕು ಅನಿಸಿದರೆ ಶುಭ್ರವಾದ ಹಾಳೆಯ ಮೇಲೆ ಸುರಿದುಕೊಳ್ಳಿ, ಬೆರಳಲ್ಲಿ ಮುಟ್ಟಬೇಡಿ. ಅದಕ್ಕಿಂತ ಮುಖ್ಯವಾಗಿ, ಹೊಸ ಡಬ್ಬಿ ತಂದಾಗ ಹಳೆಯ ಮಾತ್ರೆಯೊಂದನ್ನು ಪಕ್ಕದಲ್ಲಿಟ್ಟು ನೋಡಿ. ಬಣ್ಣವೋ ಆಕಾರವೋ ಬೇರೆ ಇದ್ದರೆ ನುಂಗುವ ಮೊದಲು ಅಂಗಡಿಗೆ ಫೋನ್ ಮಾಡಿ. ಬಹಳ ಸಲ ಔಷಧಿ ಅದೇ ಇರುತ್ತದೆ, ತಯಾರಿಸಿದ ಕಂಪನಿ ಮಾತ್ರ ಬದಲಾಗಿರುತ್ತದೆ. ಮಾತ್ರೆಯ ಮೇಲಿನ ಅಕ್ಷರ, ಅಂಕಿಗಳನ್ನು ಓದಿ ಹೇಳಿದರೆ ಯಾವುದು ಅಂತ ಅವರು ಅಲ್ಲೇ ನೋಡಿ ಹೇಳುತ್ತಾರೆ.