ನಿರಂಕುಶ ಎಂದರೆ ಕ್ರೂರ ಎಂದಲ್ಲ

ಕೋಲಾರದ ತಾಲ್ಲೂಕು ಕಚೇರಿಯ ಬಳಿ ಅರ್ಜಿ, ಪತ್ರ ಬರೆದುಕೊಡುವುದು ನನ್ನ ಕಸುಬು. ದೂರು ಹೊತ್ತು ಬರುವವರು ‘ನಿರಂಕುಶ’ ಎಂಬ ಪದವನ್ನು ಬೈಗುಳದಂತೆ ಬಳಸುತ್ತಾರೆ. ಹೊಡೆದವನೂ ನಿರಂಕುಶ, ಗದರಿದವನೂ ನಿರಂಕುಶ. ತಿದ್ದಿ ತಿದ್ದಿ ಸಾಕಾಗಿದೆ.

ಅಂಕುಶ ಎಂದರೆ ಮಾವುತನ ಕೈಯ ಕೊಕ್ಕೆ. ಅದಿಲ್ಲದ್ದು ನಿರಂಕುಶ, ಪದದೊಳಗೆ ಇರುವುದು ಇಷ್ಟೇ. ಅಂಕುಶವಿಲ್ಲದ ಆನೆಗೆ ಮದವೇರಿರಲೇಬೇಕೆಂದಿಲ್ಲ. ಅದು ಕಬ್ಬು ತಿನ್ನುತ್ತ ಸಾಧುವಾಗಿಯೇ ನಿಂತಿರಬಹುದು. ನುಗ್ಗಿದ ದಿನ ಮಾತ್ರ ತಡೆಯುವುದಕ್ಕೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ. ‘ನಿರಂಕುಶಾಃ ಕವಯಃ’, ಅಂದರೆ ಕವಿಗಳಿಗೆ ಅಂಕುಶವಿಲ್ಲ, ಎಂಬ ಮಾತು ಕೇಳಿ ಕವಿಗಳು ಕ್ರೂರಿಗಳೆಂದು ಯಾರಾದರೂ ತಿಳಿದರೇ? ಯುವಜನರಿಗೆ ನಿರಂಕುಶಮತಿಗಳಾಗಿ ಎಂದು ಕುವೆಂಪು ಕರೆಕೊಟ್ಟದ್ದೂ ಇದೇ ಪದದಲ್ಲಿ. ಬುದ್ಧಿಗೆ ಸಲ್ಲುವ ಈ ಗುಣ ಅಧಿಕಾರಕ್ಕೆ ಸಲ್ಲದು, ಅದಕ್ಕೇ ‘ನಿರಂಕುಶ ಪ್ರಭುತ್ವ’ ಎಂದಾಗ ನಮಗೆ ಭಯವಾಗುವುದು.

ದಬ್ಬಾಳಿಕೆಯ ಮಾತು ಬೇರೆ. ಅಲ್ಲಿ ದಬ್ಬುವ ಕೈ ಕಾಣಿಸುತ್ತದೆ. ಯಾರನ್ನು, ಯಾವ ದಿನ ಎಂದು ಬರೆಯಬಹುದು. ಇನ್ನು ‘ಸರ್ವಾಧಿಕಾರಿ’ ಒಂದು ಕಾಲದಲ್ಲಿ ಹುದ್ದೆಯ ಹೆಸರೇ ಆಗಿತ್ತು. ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ ಮೈಸೂರಿನ ಸರ್ವಾಧಿಕಾರಿ ಎನಿಸಿಕೊಂಡಾಗ ಅದು ಬಿರುದು, ನಿಂದೆಯಲ್ಲ.

ಒಮ್ಮೆ ಹಳ್ಳಿಯೊಂದರ ವೃದ್ಧರೊಬ್ಬರು ತಮ್ಮೂರಿನ ಸಂಘದ ಅಧ್ಯಕ್ಷರ ಮೇಲೆ ದೂರು ಬರೆಸಲು ಬಂದರು. ‘ನಿರಂಕುಶ’ ಎಂದು ಅವರೇ ಹೇಳಿ ಬರೆಸಿದರು. ನಾನು ಓದಿ ಹೇಳುವಾಗ ಅವರ ಮುಖ ಚಿಕ್ಕದಾಯಿತು.

“ಅದನ್ನು ಹೊಡೆದುಹಾಕಿ ಸ್ವಾಮಿ. ಆತ ಯಾರಿಗೂ ಕೆಟ್ಟ ಮಾತಾಡಿದವರಲ್ಲ. ಮಗಳ ಮದುವೆಗೆ ನನಗೆ ಹಣ ಕೊಟ್ಟಿದ್ದಾರೆ.”

“ಸರ್ವಸದಸ್ಯರ ಸಭೆ ಕರೆದಿದ್ದಾರೆಯೇ, ಯಜಮಾನರೇ?”

“ಮೂರು ವರ್ಷದಿಂದ ಇಲ್ಲ.”

“ಲೆಕ್ಕ?”

“ಕೇಳಿದರೆ ನಗುತ್ತಾರೆ, ಕಾಫಿ ಕೊಡಿಸುತ್ತಾರೆ.”

ಇಷ್ಟು ವರ್ಷಗಳಲ್ಲಿ ಆ ಪದ ಸರಿಯಾದ ಜಾಗದಲ್ಲಿ ಕುಳಿತದ್ದನ್ನು ನಾನು ಕಂಡದ್ದು ಅಂದೇ. ಹೊಡೆದುಹಾಕಲು ಒಪ್ಪಲಿಲ್ಲ. ಪದ ಸರಿಯಿದ್ದ ಮಾತ್ರಕ್ಕೆ ದೂರು ಗೆಲ್ಲುತ್ತದೆಂದು ನಾನು ಭರವಸೆ ಕೊಡಲಾರೆ. ಅದಕ್ಕೆ ದಾಖಲೆ ಬೇಕು, ಕಾನೂನಿನ ವಿಷಯ ವಕೀಲರನ್ನೇ ಕೇಳಬೇಕು. ಆ ವೃದ್ಧರಿಗೂ ಹಾಗೆಯೇ ಹೇಳಿದೆ. ಸಭೆ ನಡೆಯದ ವರ್ಷಗಳನ್ನೂ ಲೆಕ್ಕ ಕೇಳಿದ ದಿನಗಳನ್ನೂ ಆ ಪದದ ಕೆಳಗೆ ಒಂದೊಂದಾಗಿ ಬರೆದೆ.

ಸಹಿ ಹಾಕುವ ಮುನ್ನ ಅವರು ಲೇಖನಿ ಹಿಡಿದು ಸುಮ್ಮನೆ ಕುಳಿತರು. “ಒಳ್ಳೆಯ ಮನುಷ್ಯ ಎಂದೂ ಒಂದು ಸಾಲು ಸೇರಿಸುತ್ತೀರಾ?”

ಸೇರಿಸಿದೆ.