ಫ್ರೆಂಚ್ ನೆಲ ಮುಟ್ಟಿದ ಮೇಲೂ ಸಾವರ್ಕರರನ್ನು ಹೇಗೆ ಒಯ್ದರು?

ಪ್ರಶ್ನೆ: 1910ರಲ್ಲಿ ಸಾವರ್ಕರ್ ಮಾರ್ಸೇಲ್ಸ್‌ನಲ್ಲಿ ಹಡಗಿನಿಂದ ಹಾರಿ ಫ್ರಾನ್ಸಿನ ದಡ ಸೇರಿದ್ದರು. ಅಲ್ಲಿ ಬ್ರಿಟಿಷ್ ಪೊಲೀಸರು ಅವರನ್ನು ಹಿಡಿದದ್ದು ಕಾನೂನುಬಾಹಿರ ಅಲ್ವಾ?

ಉತ್ತರ: ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ. ತಪ್ಪು ಪ್ರಶ್ನೆಯೊಳಗೇ ಇದೆ. ಅವರನ್ನು ಹಿಡಿದದ್ದು ಬ್ರಿಟಿಷರಲ್ಲ, ಫ್ರೆಂಚ್ ಪೊಲೀಸ್.

ವಿಚಾರಣೆಗೆಂದು ಅವರನ್ನು ಲಂಡನ್ನಿನಿಂದ ಬೊಂಬಾಯಿಗೆ ಒಯ್ಯುತ್ತಿದ್ದ ‘ಮೋರಿಯಾ’ ಹಡಗು ಜುಲೈ 8ರ ಬೆಳಿಗ್ಗೆ ಬಂದರಿನೊಳಗೇ ನಿಂತಿತ್ತು. ದಿನಗಟ್ಟಲೆ ಸಮುದ್ರ ಈಜಿದರು ಎನ್ನುವುದೆಲ್ಲ ಸುಮ್ನೆ ಮಾತು. ಕಿಂಡಿಯಿಂದ ನುಸುಳಿ, ಈಜಿ, ದಕ್ಕೆ ಹತ್ತಿ ಓಡಿದರು. ಹಡಗಿನವರು ಕೂಗುತ್ತಾ ಬೆನ್ನುಹತ್ತಿದರು. ಆದರೆ ಹಿಡಿದವನು ದಕ್ಕೆಯಲ್ಲಿದ್ದ ಫ್ರೆಂಚ್ ಪೊಲೀಸ್ ದಫೇದಾರ. ಹಡಗಿನವರ ಜೊತೆ ಸೇರಿ ಅವರನ್ನು ವಾಪಸ್ ಹತ್ತಿಸಿದವನೂ ಅವನೇ. ಹಡಗು ಹೊರಟದ್ದು ಮಾರನೇ ದಿನ. ಅಷ್ಟರೊಳಗೆ ಅವನ ಮೇಲಧಿಕಾರಿಗಳಲ್ಲಿ ಒಬ್ಬರೂ ‘ಇದು ನಮ್ಮ ಆದೇಶವಲ್ಲ’ ಎನ್ನಲಿಲ್ಲ. ಈ ಕೈದಿ ಈ ದಾರಿಯಲ್ಲಿ ಬರುತ್ತಾನೆಂದು ಲಂಡನ್ ಪೊಲೀಸರು ಪ್ಯಾರಿಸ್ಸಿಗೆ ಮೊದಲೇ ತಿಳಿಸಿದ್ದರು.

ನೆಲ ಮುಟ್ಟಿದರೆ ಸಾಕು, ಮತ್ತೆ ಯಾರೂ ಮುಟ್ಟುವಂತಿಲ್ಲ ಎಂದು ಜನ ನಂಬಿದ್ದಾರೆ. ಅದು ಕಂಬದಾಟದ ನಿಯಮ, ಕಾನೂನಿನದ್ದಲ್ಲ. ಆಶ್ರಯ ಕೊಡುವ ಹಕ್ಕು ಆ ದೇಶದ್ದು. ಓಡಿಬಂದವನು ತಾನಾಗಿ ಅದನ್ನು ಪಡೆದುಕೊಳ್ಳಲಾರ. ಬ್ರಿಟಿಷರು ಬಲವಂತದಿಂದಲೋ ಮೋಸದಿಂದಲೋ ಎಳೆದೊಯ್ದಿದ್ದರೆ ಫ್ರಾನ್ಸಿನ ಸಾರ್ವಭೌಮತ್ವಕ್ಕೆ ಧಕ್ಕೆ ಆಗುತ್ತಿತ್ತು. ಇಲ್ಲಿ ಒಪ್ಪಿಸಿದ್ದು ಫ್ರಾನ್ಸಿನದೇ ಪೊಲೀಸ್.

ಫ್ರಾನ್ಸ್ ಆಮೇಲೆ ಎಚ್ಚೆತ್ತಿತು. ಕಾರ್ಲ್ ಮಾರ್ಕ್ಸ್‌ನ ಮೊಮ್ಮಗ ಜಾನ್ ಲೋಂಗೆ ಮತ್ತು ಸಮಾಜವಾದಿಗಳು ಗದ್ದಲ ಎಬ್ಬಿಸಿದರು. ಎರಡೂ ದೇಶಗಳು ವ್ಯಾಜ್ಯವನ್ನು ಹೇಗ್‌ನ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಒಯ್ದವು. ಐವರು ಪಂಚರು. ಅವರಲ್ಲಿ ಫ್ರೆಂಚರೊಬ್ಬರೂ ಇದ್ದರು. 1911ರ ಫೆಬ್ರವರಿ 24ರ ತೀರ್ಪು ಹೀಗಿತ್ತು: ಹಿಡಿದು ಒಪ್ಪಿಸಿದ ರೀತಿಯಲ್ಲಿ ಲೋಪ ಇತ್ತು, ಆದರೆ ಆ ಲೋಪಕ್ಕಾಗಿ ಕೈದಿಯನ್ನು ಹಿಂದಿರುಗಿಸಲೇಬೇಕು ಎನ್ನುವ ನಿಯಮ ಅಂತರರಾಷ್ಟ್ರೀಯ ಕಾನೂನಿನಲ್ಲಿಲ್ಲ.

ನನಗೆ ಜಾಸ್ತಿ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಬೊಂಬಾಯಿಯ ನ್ಯಾಯಾಲಯ ಈ ತೀರ್ಪಿಗೆ ಕಾಯಲೇ ಇಲ್ಲ. 1910ರ ಡಿಸೆಂಬರಿನಲ್ಲಿ ಒಂದು, 1911ರ ಜನವರಿಯಲ್ಲಿ ಇನ್ನೊಂದು, ಹೀಗೆ ಎರಡು ಕರಿನೀರಿನ ಶಿಕ್ಷೆ ಆಗಲೇ ಆಗಿಹೋಗಿತ್ತು. ಅನ್ಯಾಯ ಹುಡುಕುವವರು ದಕ್ಕೆ ಬಿಟ್ಟು ಇಲ್ಲಿ ನೋಡಬೇಕು.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಗಡೀಪಾರು ಮಾಡುವ ಸರ್ಕಾರ ‘ಇದೇ ಹಡಗು ಹತ್ತು’ ಎನ್ನಬಹುದೇ? 1931ರ ಜೂನ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ಬ್ರಿಟಿಷರು ವಿಯೆಟ್ನಾಂ ಕ್ರಾಂತಿಕಾರಿ ಹೋ ಚಿ ಮಿನ್‌ರನ್ನು ಹಿಡಿದರು. ಇಂಡೋಚೀನಾವನ್ನು (ವಿಯೆಟ್ನಾಂ ಸೇರಿದ ವಸಾಹತು) ಆಳುತ್ತಿದ್ದ ಫ್ರೆಂಚರು ಅವರಿಗೆ ಆಗಲೇ, ಅವರಿಲ್ಲದೆಯೇ, ಮರಣದಂಡನೆ ವಿಧಿಸಿದ್ದರು. ಅಲ್ಲಿಗೇ ಹೋಗುವ ಹಡಗಿಗೆ ಹತ್ತಿಸುವುದು ಗಡೀಪಾರಲ್ಲ, ವೇಷ ಹಾಕಿದ ಹಸ್ತಾಂತರ ಎಂದು ಅವರ ವಕೀಲ ಲೋಸ್‌ಬಿ ಕಡೆಯವರು ವಾದಿಸಿದರು. ರಾಜಕೀಯ ಆರೋಪಿಗಳನ್ನು ಹಾಗೆ ಒಪ್ಪಿಸುವಂತಿರಲಿಲ್ಲ. ಹಾಂಗ್‌ಕಾಂಗ್ ಕೋರ್ಟು ವಾದ ಒಪ್ಪಲಿಲ್ಲ. ಮೇಲ್ಮನವಿ ವಸಾಹತುಗಳ ಕೊನೆಯ ಮೇಲ್ಮನವಿ ಪೀಠವಾದ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋಯಿತು. 1932ರಲ್ಲಿ ರಾಜಿಯಾಯಿತು: ಗಡೀಪಾರು ಸರಿ, ಆದರೆ ಫ್ರೆಂಚ್ ನೆಲಕ್ಕೆ ಕಳಿಸುವಂತಿಲ್ಲ. ಹಡಗು ಹತ್ತಿಸುವ ಮೊದಲೇ ಅವರ ಪರ ವಕೀಲರೊಬ್ಬರು ನಿಂತಿದ್ದರು. ಮಾರ್ಸೇಲ್ಸ್‌ನ ಆ ಒಂದು ದಿನ ಸಾವರ್ಕರರಿಗೆ ಹಾಗೆ ಯಾರೂ ಇರಲಿಲ್ಲ.